ಕೆರೆಯನ್ನೂ ಅದರ ಸುತ್ತಲಿನ ಓಣಿಗಳನ್ನೂ ಅಧ್ಯಯನ ಮಾಡುವುದು ಹೇಗೆ: ವಿದ್ಯಾರ್ಥಿ ತಂಡಗಳಿಗೆ ಕೈಪಿಡಿ

ಪದವಿ ತರಗತಿಯ ಪ್ರಾಜೆಕ್ಟ್, ಎಂಎಸ್‌ಡಬ್ಲ್ಯು ಕ್ಷೇತ್ರಕಾರ್ಯ, ಎನ್‌ಎಸ್‌ಎಸ್ ಶಿಬಿರ, ಎಲ್ಲಿ ನೋಡಿದರೂ ಜನರ ಯೋಗಕ್ಷೇಮ, ಪರಿಸರ, ದುಡಿಮೆ, ವಿರಾಮ ಎಂಬ ನಾಲ್ಕು ವಿಷಯ ಮತ್ತೆ ಮತ್ತೆ ಬರುತ್ತವೆ. ನಾಲ್ಕು ತಂಡ ನಾಲ್ಕು ಕಡೆ ಹೋಗಿ ನಾಲ್ಕು ವರದಿ ಬರೆಯುತ್ತವೆ. ಊರಿನ ಒಂದು ಕೆರೆಯನ್ನು ಹಿಡಿದರೆ ನಾಲ್ಕೂ ಒಂದೇ ಜಾಗದಲ್ಲಿ ಸಿಗುತ್ತವೆ. ನೀರು ಅಲ್ಲೇ ಇದೆ. ಕಸ ಎತ್ತುವವರು, ಬಲೆ ಬೀಸುವವರು, ಬಟ್ಟೆ ಒಗೆಯುವವರು ಅಲ್ಲೇ ದುಡಿಯುತ್ತಾರೆ. ಏರಿಯ ಮೇಲೆ ಜನ ವಾಕಿಂಗ್ ಬರುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಸುತ್ತಲಿನ ಮನೆಗಳಲ್ಲಿ ಸೊಳ್ಳೆ ಕಾಟವೂ ಇದೆ, ಸಂಜೆಯ ತಂಗಾಳಿಯೂ ಇದೆ.

ಇಂಥ ಅಧ್ಯಯನ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ. ತಂಡ ಬೆಳಿಗ್ಗೆ 11ಕ್ಕೆ ಹೋಗಿ ಮಧ್ಯಾಹ್ನ 2ಕ್ಕೆ ಕಾಲೇಜಿಗೆ ಮರಳುತ್ತದೆ. ಆ ಹೊತ್ತಿನಲ್ಲಿ ಕೆರೆ ನೀರಿನಲ್ಲಿ ಆಮ್ಲಜನಕ ಏರಿರುತ್ತದೆ, ಪೌರಕಾರ್ಮಿಕರ ಪಾಳಿ ಮುಗಿಯುತ್ತಾ ಬಂದಿರುತ್ತದೆ, ಮನೆಯಲ್ಲಿ ಕೆಲಸಕ್ಕೆ ಹೋಗದವರು ಮಾತ್ರ ಇರುತ್ತಾರೆ, ವಾಕಿಂಗ್ ಪಥ ಖಾಲಿ ಇರುತ್ತದೆ. ವರದಿಯಲ್ಲಿ ಬರುವುದು ಆ 3 ಗಂಟೆಗಳ ಕೆರೆ ಮಾತ್ರ. ಆದ್ದರಿಂದ ಈ ಕೈಪಿಡಿಯಲ್ಲಿ ಏನು ಕೇಳಬೇಕು ಎಂಬುದರಷ್ಟೇ, ಯಾವ ಹೊತ್ತಿಗೆ ಹೋಗಬೇಕು ಎಂಬುದಕ್ಕೂ ಒತ್ತು ಕೊಟ್ಟಿದ್ದೇವೆ.

ಮೊದಲ 2 ವಾರ: ಪ್ರಶ್ನೆ, ನಕ್ಷೆ, ಅನುಮತಿ

6 ಜನರ ತಂಡ, 10 ವಾರ ಎಂದುಕೊಳ್ಳಿ. ಸುತ್ತ ಅರ್ಧ ಕಿಲೋಮೀಟರಿನಲ್ಲಿ 300ರಿಂದ 500 ಮನೆಗಳಿರುವ ಕೆರೆ ಈ ತಂಡಕ್ಕೆ ಸರಿಹೋಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಂಥದ್ದನ್ನು ಮುಟ್ಟಬೇಡಿ, ಅದರ ಒಂದು ದಂಡೆ ಮುಗಿಯುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ.

ಪ್ರಶ್ನೆಯನ್ನು ಚಿಕ್ಕದು ಮಾಡಿ. ‘ಕೆರೆ ಮಾಲಿನ್ಯದ ಸಾಮಾಜಿಕ ಪರಿಣಾಮಗಳು’ ಎಂಬ ಶೀರ್ಷಿಕೆಗೆ ಏನನ್ನು ಅಳೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ‘ಏರಿಯ ಪಥವನ್ನು ಯಾವ ಓಣಿಯವರು, ಯಾವ ಹೊತ್ತಿನಲ್ಲಿ ಬಳಸುತ್ತಾರೆ, ಬಳಸದವರಿಗೆ ಅಡ್ಡಿ ಏನು’ ಎಂದು ಬರೆದರೆ ಮರುದಿನವೇ ಕೆಲಸ ಶುರು ಮಾಡಬಹುದು. ವಿಷಯಕ್ಕೊಂದರಂತೆ ಇಂಥ 4 ಪ್ರಶ್ನೆ ಸಾಕು.

ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಮೊದಲೇ ತಿಳಿಯಿರಿ. ಅಚ್ಚುಕಟ್ಟು (ಕೆರೆ ನೀರುಣಿಸುವ ಜಮೀನು) 40 ಹೆಕ್ಟೇರ್ ಮೀರಿದ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತ್ ವ್ಯವಸ್ಥೆಯದು. ಪಟ್ಟಣದೊಳಗಿನದು ನಗರಸಭೆಯ ಕೈಲಿರಬಹುದು, ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಅರಣ್ಯ ಇಲಾಖೆಯ ಕೈಲೂ ಇರಬಹುದು. ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್‌ನಲ್ಲಿ ಏರಿಯ ಮೇಲೆ ನಿಂತೇ ನೋಡಬಹುದು. ಪ್ರಾಂಶುಪಾಲರ ಸಹಿ ಇರುವ ಪತ್ರವನ್ನು ಆ ಕಚೇರಿಗೂ ಪೊಲೀಸ್ ಠಾಣೆಗೂ ಕೊಟ್ಟು, ಸ್ವೀಕೃತಿಯ ಮೊಹರು ಬಿದ್ದ ನಕಲನ್ನು ತಂಡದ ಪ್ರತಿಯೊಬ್ಬರೂ ಜೇಬಿನಲ್ಲಿಟ್ಟುಕೊಳ್ಳಿ. ಬೆಳಗಿನ ಜಾವ ಕೆರೆ ದಂಡೆಯಲ್ಲಿ ಬಾಟಲಿ ಹಿಡಿದು ನಿಂತವರನ್ನು ಯಾರಾದರೂ ಪ್ರಶ್ನಿಸಿಯೇ ಪ್ರಶ್ನಿಸುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿ ಹಾಕುವುದಿದ್ದರೆ ಮೊದಲ ವಾರದಲ್ಲೇ ಹಾಕಿ, ಉತ್ತರಕ್ಕೆ 30 ದಿನ ಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಮೀನುಗಾರಿಕೆ ಗುತ್ತಿಗೆಯ ಪ್ರತಿಗೊಂದು ಅರ್ಜಿ, ವಾರ್ಡಿಗೆ ನೇಮಿಸಿದ ಪೌರಕಾರ್ಮಿಕರ ಸಂಖ್ಯೆಗೊಂದು, ನೀರಿನ ಹಿಂದಿನ ಪರೀಕ್ಷಾ ವರದಿಗೊಂದು. ಮೂರನ್ನೂ ಒಂದರಲ್ಲೇ ತುರುಕಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು, ತಿಂಗಳು ಕೈತಪ್ಪುತ್ತದೆ.

ನಕ್ಷೆಯನ್ನು ಕಾಲ್ನಡಿಗೆಯಲ್ಲಿ ಬರೆಯಿರಿ. ತೂಬು, ಕೋಡಿ, ರಾಜಕಾಲುವೆ ಕೆರೆಗೆ ಸೇರುವ ಜಾಗ, ಪಥದ ಗೇಟುಗಳು, ಬೀದಿದೀಪಗಳು (ಉರಿಯುವವು ಬೇರೆ, ಕೆಟ್ಟವು ಬೇರೆ), ಶೌಚಾಲಯ, ಕಸ ಸುರಿಯುವ ಮೂಲೆ, ಎಲ್ಲವೂ ಬರಲಿ. ಮನೆ ಎಣಿಸುವಾಗ ಬಾಗಿಲು ಎಣಿಸಬೇಡಿ, ಒಲೆ ಎಣಿಸಿ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ವಠಾರದ ಒಂದು ಗೇಟಿನ ಹಿಂದೆ 6 ಒಲೆ ಇರುತ್ತವೆ. ಕಟ್ಟಡ ಕಾರ್ಮಿಕರ ತಗಡಿನ ಶೆಡ್‌ಗಳು ಮನೆ ನಂಬರಿನ ಪಟ್ಟಿಯಲ್ಲೇ ಇರುವುದಿಲ್ಲ, ಅವನ್ನೂ ಎಣಿಸಿ.

ಎಷ್ಟು ಮನೆ, ಯಾವ ಮನೆ

ಶೇ 95 ವಿಶ್ವಾಸ, 10 ಅಂಶಗಳ ತಪ್ಪಿನ ಅಂಚು (100ರಲ್ಲಿ 95 ಸಲ ನಿಮ್ಮ ಶೇಕಡಾ ಲೆಕ್ಕ ನಿಜಕ್ಕಿಂತ 10ಕ್ಕೂ ಹೆಚ್ಚು ಆಚೀಚೆ ಆಗದು ಎಂದರ್ಥ) ಇಟ್ಟುಕೊಂಡರೆ ದೊಡ್ಡ ಜನಸಂಖ್ಯೆಗೆ 96 ಮಾದರಿ ಬೇಕು. ನಿಮ್ಮಲ್ಲಿರುವುದು 400 ಕುಟುಂಬವಾದರೆ ಆ 96ನ್ನು, 1ಕ್ಕೆ 95/400 ಕೂಡಿಸಿ ಬಂದ 1.24ರಿಂದ ಭಾಗಿಸಿ, 78 ಬರುತ್ತದೆ. ಬೀಗ ಹಾಕಿದ ಮನೆ, ಒಲ್ಲೆ ಎನ್ನುವವರು ಇದ್ದೇ ಇರುತ್ತಾರೆ. ಶೇ 15 ಹಾಗೆ ಹೋಗುತ್ತದೆಂದು ಹಿಡಿದರೆ 92. 400ನ್ನು 92ರಿಂದ ಭಾಗಿಸಿದರೆ 4 ಚಿಲ್ಲರೆ, ಅಂದರೆ ಪ್ರತಿ 4ನೇ ಒಲೆ. 1ರಿಂದ 4ರವರೆಗೆ ಚೀಟಿ ಎತ್ತಿ, ಬಂದ ಸಂಖ್ಯೆಯ ಮನೆಯಿಂದ ಶುರು ಮಾಡಿ. ಪ್ರತಿ ಓಣಿಯಲ್ಲೂ ಬಲಗೈ ಬದಿಯನ್ನು ಮುಗಿಸಿ ಎಡಬದಿಗೆ ತಿರುಗಿ ಬನ್ನಿ.

ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆ ತಟ್ಟುವುದು ಎಲ್ಲರೂ ಮಾಡುವ ಕೆಲಸ, ಅಧ್ಯಯನವನ್ನು ಕೆಡಿಸುವ ಕೆಲಸವೂ ಅದೇ. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್‌ಗೋ ಕೂಲಿಗೋ ಹೋದ ಮನೆಗೇ ಹಗಲಲ್ಲಿ ಬೀಗ ಬೀಳುವುದು. ಆ ಮನೆಗಳು ಬಿಟ್ಟುಹೋದರೆ ದುಡಿಮೆಯ ಅಧ್ಯಯನದಿಂದ ದುಡಿಯುವವರೇ ಬಿಟ್ಟುಹೋದಂತೆ. ಮೂರು ಸಲ ಹೋಗಿ: ಒಮ್ಮೆ ಹಗಲು, ಒಮ್ಮೆ ಸಂಜೆ 7ರ ಮೇಲೆ, ಒಮ್ಮೆ ಭಾನುವಾರ. ಆಮೇಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆದು ಮುಂದೆ ಸಾಗಿ. ಮನೆಯೊಳಗೆ ಯಾರನ್ನು ಮಾತಾಡಿಸಬೇಕು ಎಂಬುದನ್ನೂ ಚೀಟಿಯೇ ಹೇಳಲಿ. 18 ತುಂಬಿದವರ ಹೆಸರು ವಯಸ್ಸಿನ ಕ್ರಮದಲ್ಲಿ ಬರೆದು ಒಂದು ಚೀಟಿ ಎತ್ತಿ. ಇಲ್ಲದಿದ್ದರೆ ಪ್ರತಿ ಮನೆಯಲ್ಲೂ ಯಜಮಾನರೇ ಮುಂದೆ ಬಂದು ಕೂರುತ್ತಾರೆ.

ಮನೆಮಂದಿಯ ಜತೆ ಮಾತು

ಒಪ್ಪಿಗೆಯನ್ನು ಮೊದಲು ಬಾಯಿಮಾತಿನಲ್ಲಿ ವಿವರಿಸಿ: ನೀವು ಯಾರು, ಯಾತಕ್ಕೆ ಕೇಳುತ್ತಿದ್ದೀರಿ, 20 ನಿಮಿಷ ಹಿಡಿಯುತ್ತದೆ, ಬೇಡವೆನಿಸಿದಾಗ ನಿಲ್ಲಿಸಬಹುದು, ಇದರಿಂದ ಸೈಟೂ ಸಿಗುವುದಿಲ್ಲ ಕಾರ್ಡೂ ಸಿಗುವುದಿಲ್ಲ. ಕೊನೆಯ ಮಾತನ್ನು ಬಿಡಬೇಡಿ. ಕಾಗದ ಪೆನ್ನು ಹಿಡಿದು ಬಂದವರನ್ನು ಜನ ಸರ್ಕಾರಿ ಸರ್ವೆಯವರೆಂದೇ ತಿಳಿದು, ಅದಕ್ಕೆ ತಕ್ಕಂತೆ ಆದಾಯ ಇಳಿಸಿ, ಕಷ್ಟ ಏರಿಸಿ ಹೇಳುತ್ತಾರೆ. ಆಧಾರ್ ಸಂಖ್ಯೆ, ಫೋನ್ ನಂಬರ್ ಕೇಳುವ ಅಗತ್ಯವೇ ಇಲ್ಲ. 18ರೊಳಗಿನವರನ್ನು ಮಾತಾಡಿಸುವುದಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು, ಆ ಮಗುವಿನದೂ ಬೇಕು. ‘ಮೇಡಂ’, ‘ಸರ್’ ಎನ್ನುವುದಕ್ಕಿಂತ ಅಕ್ಕ, ಅಣ್ಣ, ಅಜ್ಜಿ ಎಂದರೆ ಮಾತು ಬೇಗ ಕುದುರುತ್ತದೆ. ಧಾರವಾಡದ ಕಡೆಯಾದರೆ ಅಕ್ಕಾರ, ಅಣ್ಣಾರ.

ಯೋಗಕ್ಷೇಮವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ ಸೂಚ್ಯಂಕ ವಿದ್ಯಾರ್ಥಿಗಳಿಗೆ ಹೇಳಿಮಾಡಿಸಿದ್ದು. ಇದರಲ್ಲಿರುವುದು 5 ಮಾತು: ಕಳೆದ 2 ವಾರದಲ್ಲಿ ಮನಸ್ಸು ಗೆಲುವಾಗಿತ್ತೇ, ನೆಮ್ಮದಿಯಿತ್ತೇ, ಮೈಯಲ್ಲಿ ಚುರುಕಿತ್ತೇ, ಬೆಳಿಗ್ಗೆ ದಣಿವಾರಿ ಎದ್ದಿರೇ, ದಿನಗಳು ಮನಸ್ಸಿಗೆ ಹಿಡಿಸುವ ಕೆಲಸಗಳಿಂದ ತುಂಬಿದ್ದವೇ. ಪ್ರತಿಯೊಂದಕ್ಕೂ ‘ಯಾವಾಗಲೂ’ ಎಂದರೆ 5, ‘ಒಮ್ಮೆಯೂ ಇಲ್ಲ’ ಎಂದರೆ 0, ನಡುವೆ ಇನ್ನು 4 ಮೆಟ್ಟಿಲು. ಕೂಡಿ 4ರಿಂದ ಗುಣಿಸಿದರೆ 100ಕ್ಕೆ ಅಂಕ ಸಿಗುತ್ತದೆ. ಉತ್ತರಗಳು 3, 2, 2, 1, 3 ಇದ್ದರೆ ಮೊತ್ತ 11, ಅಂಕ 44. ಸಾಮಾನ್ಯವಾಗಿ 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಯೋಗಕ್ಷೇಮ ಕುಗ್ಗಿದೆ ಎನ್ನುತ್ತಾರೆ. ಅಷ್ಟರಿಂದಲೇ ‘ಖಿನ್ನತೆ’ ಎಂದು ಬರೆಯುವ ಅಧಿಕಾರ ನಿಮಗಿಲ್ಲ, ಅದು ವೈದ್ಯರ ಕೆಲಸ. 6 ಮೆಟ್ಟಿಲುಗಳನ್ನು ದೊಡ್ಡ ಅಕ್ಷರದ ಕಾರ್ಡಿನಲ್ಲಿ ತೋರಿಸಿ, ಓದಲು ಬಾರದವರಿಗೆ ಪ್ರತಿ ಸಲವೂ ಆರನ್ನೂ ಓದಿ ಹೇಳಿ. ಮಾತನ್ನು ನಿಮಗೆ ತೋಚಿದಂತೆ ಬದಲಿಸಿದರೆ ಒಬ್ಬರ ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸಲಾಗದು.

ಅತ್ತೆ ಪಕ್ಕದಲ್ಲಿ ಕೂತಿದ್ದಾಗ ಸೊಸೆ 5ಕ್ಕೆ 5 ಹೇಳುವುದನ್ನು ನಂಬಬೇಡಿ. ತಂಡದ ಒಬ್ಬರು ಮನೆಯ ಉಳಿದವರ ಜತೆ ಬೇರೆ ಮಾತಿಗಿಳಿಯಲಿ, ಇನ್ನೊಬ್ಬರು ಜಗುಲಿಯಲ್ಲೋ ನಲ್ಲಿಯ ಬಳಿಯೋ ಪ್ರಶ್ನೆ ಕೇಳಲಿ. ಯಾರಾದರೂ ಕಣ್ಣೀರು ಹಾಕಿದರೆ ಪ್ರಶ್ನಾವಳಿಯನ್ನು ಬದಿಗಿಟ್ಟು ಕೇಳಿಸಿಕೊಳ್ಳಿ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಎಂದು ಬರೆದ ಚೀಟಿಯನ್ನು ಎಲ್ಲ ಮನೆಗೂ ಕೊಡಿ. ಕಡಿಮೆ ಅಂಕದವರಿಗಷ್ಟೇ ಕೊಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ.

ದುಡಿಮೆಯನ್ನೂ ವಿರಾಮವನ್ನೂ ಒಟ್ಟಿಗೆ ಹಿಡಿಯುವ ಸಾಧನ 24 ಗಂಟೆಯ ದಿನಚರಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಬಳಸಿದ ಕ್ರಮ ಇದು: ನಿನ್ನೆ ಬೆಳಗಿನ ಜಾವ 4ರಿಂದ ಇಂದಿನ 4ರವರೆಗೆ, ಅರ್ಧ ಗಂಟೆಗೊಂದು ಸಾಲು, ಒಟ್ಟು 48 ಸಾಲು. ಪ್ರತಿ ಸಾಲಿಗೆ ಮುಖ್ಯ ಕೆಲಸಕ್ಕೊಂದು ಕಲಂ, ಜತೆಯ ಕೆಲಸಕ್ಕೊಂದು ಕಲಂ ಇರಲಿ. ಈ ಎರಡನೆಯ ಕಲಂನಲ್ಲೇ ನಿಜ ಸಂಗತಿ ಇರುವುದು. ‘7ರಿಂದ 9 ಟಿವಿ ನೋಡ್ತಿದ್ದೆ’ ಎಂದವರನ್ನು ‘ಆಗ ಕೈಯಲ್ಲಿ ಏನಿತ್ತು ಅಕ್ಕ?’ ಎಂದು ಕೇಳಿ. ಅವರೆಕಾಯಿ ಬಿಡಿಸುತ್ತಿರುತ್ತಾರೆ, ಇಲ್ಲವೇ ಸಾವಿರಕ್ಕಿಷ್ಟು ಎಂಬ ಲೆಕ್ಕದಲ್ಲಿ ಊದುಬತ್ತಿ ಹೊಸೆಯುತ್ತಿರುತ್ತಾರೆ, ಬೀಡಿ ಸುತ್ತುತ್ತಿರುತ್ತಾರೆ. ಒಂದೇ ಕಲಂ ಇದ್ದರೆ ಆ 2 ಗಂಟೆ ವಿರಾಮದ ಲೆಕ್ಕಕ್ಕೆ ಹೋಗಿಬಿಡುತ್ತದೆ. ದಿನಚರಿಗಳಲ್ಲಿ ಏಳರಲ್ಲೊಂದು ಭಾನುವಾರದ್ದಿರಲಿ.

ಕೆಲಸದ ಜಾಗದಲ್ಲಿ

ಪೌರಕಾರ್ಮಿಕರು ಹಾಜರಿ ಹಾಕುವ ಜಾಗಕ್ಕೆ ಬೆಳಿಗ್ಗೆ 6ರ ಹೊತ್ತಿಗೆ ಹೋಗಿ, ಆದರೆ ಅಲ್ಲಿ ಬರೀ ಪರಿಚಯ ಮಾಡಿಕೊಳ್ಳಿ. ಮೇಸ್ತ್ರಿಯ ಎದುರು ಸಂಬಳದ ಮಾತೆತ್ತಬೇಡಿ. ತಿಂಡಿಗೆ ಕೂರುವ ಹೊತ್ತು ಕೇಳಿಕೊಂಡು ಆಗ ಹೋಗಿ. ‘ಸಂಬಳ ಎಷ್ಟು’ ಎಂದರೆ ಆದೇಶದಲ್ಲಿರುವ ಮೊತ್ತ ಸಿಗುತ್ತದೆ. ‘ಹೋದ ತಿಂಗಳು ಖಾತೆಗೆ ಎಷ್ಟು ಬಂತು, ಯಾವ ತಾರೀಖಿಗೆ ಬಂತು, ಏನೇನು ಕಡಿತ ಆಯಿತು’ ಎಂದು ಬಿಡಿಸಿ ಕೇಳಿ. 15,000 ರೂಪಾಯಿ ವೇತನಕ್ಕೆ ಪಿಎಫ್ ಶೇ 12 ಎಂದರೆ 1,800, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75 ಎಂದರೆ 113 ಕಡಿತವಾಗಬೇಕು. ಕಡಿತವಾಗಿದ್ದೂ ಯುಎಎನ್ (ಪಿಎಫ್ ಖಾತೆಯ) ಸಂಖ್ಯೆಯಾಗಲಿ ಇಎಸ್‌ಐ ಕಾರ್ಡಾಗಲಿ ಕೈಗೆ ಬಂದಿಲ್ಲವೆಂದರೆ ಅದು ವರದಿಯಲ್ಲಿ ಬರಲೇಬೇಕಾದ ವಿಷಯ. ಕೈಗವಸು ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆಗೆ ಹೌದು ಎನ್ನುತ್ತಾರೆ. ಕೊನೆಯ ಜೋಡಿ ಯಾವಾಗ ಕೊಟ್ಟರು, ಅದು ಎಷ್ಟು ದಿನ ಬಾಳಿತು, ಕೆಲಸದ ನಡುವೆ ಶೌಚಕ್ಕೆ ಎಲ್ಲಿ ಹೋಗುತ್ತೀರಿ ಎಂದು ಮುಂದುವರಿಸಿ.

ಕೆರೆಯಲ್ಲಿ ಮೀನು ಹಿಡಿಯುವವರು 2-3 ಜನವಷ್ಟೇ ಇದ್ದರೆ ‘ಒಬ್ಬ ಮೀನುಗಾರರು ಹೇಳಿದಂತೆ’ ಎಂದು ಬರೆದರೂ ಹೆಸರು ಬರೆದಂತೆಯೇ, ಗುತ್ತಿಗೆದಾರನಿಗೆ ತಕ್ಷಣ ತಿಳಿಯುತ್ತದೆ. 5ಕ್ಕಿಂತ ಕಡಿಮೆ ಜನರ ಗುಂಪನ್ನು ಪ್ರತ್ಯೇಕವಾಗಿ ತೋರಿಸದೆ ‘ಕೆರೆಯನ್ನು ನಂಬಿ ದುಡಿಯುವವರು’ ಎಂದು ಸೇರಿಸಿ ಬರೆಯಿರಿ.

ನೀರು

ಕರಗಿದ ಆಮ್ಲಜನಕವೇ ಕೆರೆಯ ನಾಡಿ. ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಹೀರುತ್ತದೆ. ಹಾಗಾಗಿ ಬೆಳಗಾಗುವ ಮೊದಲು ಪ್ರಮಾಣ ತಳ ಮುಟ್ಟುತ್ತದೆ, ಮಧ್ಯಾಹ್ನ 3ರ ಸುಮಾರಿಗೆ ತುದಿಗೇರುತ್ತದೆ. ಮೀನುಗಳು ರಾಶಿ ರಾಶಿ ಸತ್ತು ತೇಲುವುದು ಮುಂಜಾನೆಯೇ ಕಾಣುವುದು ಇದೇ ಕಾರಣಕ್ಕೆ. 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಬಯಲುಸೀಮೆಯ ಎತ್ತರದಲ್ಲಿ ಇನ್ನೂ ಕಡಿಮೆ. ಮಧ್ಯಾಹ್ನದ ಅಳತೆ 12 ಮಿಲಿಗ್ರಾಂ ಬಂತೆಂದು ಹಿಗ್ಗಬೇಡಿ, ಅದು ಪಾಚಿ ಮಿತಿಮೀರಿದ್ದರ ಗುರುತು. ಒಂದೇ ದಿನ, ಒಂದೇ ಜಾಗದಲ್ಲಿ, ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಒಮ್ಮೆ ಮತ್ತು ಮಧ್ಯಾಹ್ನ 3ಕ್ಕೆ ಒಮ್ಮೆ ಅಳೆಯಿರಿ. ಎರಡರ ಅಂತರವನ್ನೇ ವರದಿ ಮಾಡಿ.

ಮೂರು ಜಾಗ ಸಾಕು: ರಾಜಕಾಲುವೆ ಬಂದು ಸೇರುವಲ್ಲಿ, ಏರಿಯ ನಡುಭಾಗದಲ್ಲಿ, ಕೋಡಿಯ ಹತ್ತಿರ. ಮೇಲಿನ ಕೆನೆ ಬಿಟ್ಟು ಸುಮಾರು 30 ಸೆಂ.ಮೀ. ಆಳದ ನೀರು ತೆಗೆಯಿರಿ. ಅಂತರಗಂಗೆ ದಟ್ಟವಾಗಿ ಹಬ್ಬಿದ ಕಡೆ ಬೆಳಕು ಒಳಗಿಳಿಯುವುದಿಲ್ಲ, ಅಲ್ಲಿ ಹಗಲಲ್ಲೂ ಆಮ್ಲಜನಕ ಕಡಿಮೆಯೇ. ಜಾಗವನ್ನು ಟಿಪ್ಪಣಿ ಮಾಡಿ.

ರಸಾಯನಶಾಸ್ತ್ರ ವಿಭಾಗದಲ್ಲಿ, ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನಕ್ಕೆ ಬೇಕಾದ್ದೆಲ್ಲ ಸಿಗುತ್ತದೆ. 300 ಮಿ.ಲೀ. ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಬಾಟಲಿಯನ್ನು ನೀರೊಳಗೆ ಓರೆಯಾಗಿ ಹಿಡಿದು ಗುಳ್ಳೆ ಏಳದಂತೆ ತುಂಬಿ, ನೀರೊಳಗೇ ಬಿರಡೆ ಹಾಕಿ. ದಂಡೆಯಲ್ಲಿ ಕೂತು ಪಿಪೆಟ್‌ನ ತುದಿಯನ್ನು ಬಾಟಲಿಯ ನೀರಿನೊಳಗೆ ಇಳಿಸಿ 2 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, ಬೇರೆ ಪಿಪೆಟ್‌ನಲ್ಲಿ 2 ಮಿ.ಲೀ. ಕ್ಷಾರೀಯ ಅಯೋಡೈಡ್-ಅಜೈಡ್ ದ್ರಾವಣ ಬಿಡಿ. ಬಿರಡೆ ಹಾಕಿ ಹತ್ತಾರು ಸಲ ತಲೆಕೆಳಗು ಮಾಡಿ. ಕಂದು ಬಣ್ಣದ ಗಷ್ಟು ಇಳಿದರೆ ಆಮ್ಲಜನಕ ಇದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ರಾಜಕಾಲುವೆಯ ಬಾಯಲ್ಲಿ ತೆಗೆದ ನೀರು ಬೆಳಗಿನ ಜಾವ ಬಿಳಿ ಗಷ್ಟು ಕೊಟ್ಟರೆ ಅಚ್ಚರಿಯಿಲ್ಲ. ಗಷ್ಟು ತಳಕ್ಕಿಳಿದ ಮೇಲೆ 2 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಿ ಅಲುಗಿಸಿದರೆ ಜೇನಿನ ಬಣ್ಣ ಬರುತ್ತದೆ. ಆಮ್ಲವನ್ನು ಅಧ್ಯಾಪಕರೇ ನಿಂತು ಹಾಕಿಸಲಿ, ಕನ್ನಡಕ, ಕೈಗವಸು ಇಲ್ಲದೆ ಬೇಡ. ಇಲ್ಲಿಗೆ ಆಮ್ಲಜನಕ ಸೆರೆಯಾಯಿತು, ಕತ್ತಲಲ್ಲಿಟ್ಟು ಕೆಲವೇ ಗಂಟೆಯೊಳಗೆ ಪ್ರಯೋಗಾಲಯಕ್ಕೆ ತನ್ನಿ. ಅಲ್ಲಿ 203 ಮಿ.ಲೀ. ಅಳೆದು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ (ಹನಿಹನಿಯಾಗಿ ಬಿಡುತ್ತಾ ಎಷ್ಟು ಖರ್ಚಾಯಿತೆಂದು ಅಳೆಯಿರಿ). ಬಣ್ಣ ಒಣಹುಲ್ಲಿನಷ್ಟು ತೆಳುವಾದಾಗ ಕೆಲವು ಹನಿ ಪಿಷ್ಟ ದ್ರಾವಣ ಹಾಕಿ, ನೀಲಿ ಮಾಯವಾದ ಕೂಡಲೇ ನಿಲ್ಲಿಸಿ. ಖರ್ಚಾದ ಮಿಲಿಲೀಟರ್ ಎಷ್ಟೋ, ಲೀಟರಿಗೆ ಅಷ್ಟೇ ಮಿಲಿಗ್ರಾಂ. 203 ಯಾಕೆಂದರೆ, ಮೊದಲು ಹಾಕಿದ 4 ಮಿ.ಲೀ. ದ್ರಾವಣ ಅಷ್ಟು ಕೆರೆನೀರನ್ನು ಹೊರತಳ್ಳಿರುತ್ತದೆ, 203ರಲ್ಲಿ ಕೆರೆನೀರು ಸುಮಾರು 200 ಮಿ.ಲೀ. ಅಷ್ಟೇ. ಥಯೋಸಲ್ಫೇಟ್ ಹಳತಾದರೆ ಶಕ್ತಿ ಕುಂದಿ ಲೆಕ್ಕ ಹೆಚ್ಚು ಬರುತ್ತದೆ, ಪ್ರತಿ ಬಾರಿಯೂ ಪ್ರಮಾಣೀಕರಿಸಿ.

ಹೋಲಿಸಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗಗಳಿವೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ವರ್ಗಕ್ಕೆ ಕರಗಿದ ಆಮ್ಲಜನಕ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ 3 ಅಥವಾ ಕಡಿಮೆ ಇರಬೇಕು. ಮೀನುಗಾರಿಕೆಯ ‘ಡಿ’ ವರ್ಗಕ್ಕೆ ಆಮ್ಲಜನಕ 4 ಇದ್ದರೆ ಸಾಕು.

ಕೈಯಲ್ಲಿ ಹಿಡಿಯುವ ಟಿಡಿಎಸ್ ಪೆನ್ನು ಎಲ್ಲ ತಂಡಗಳ ಬಳಿಯೂ ಇರುತ್ತದೆ. ಅದು ಕರಗಿದ ಲವಣ ಎಷ್ಟೆಂದು ಹೇಳುತ್ತದೆ, ಕೊಳಚೆಯ ರೋಗಾಣುಗಳ ಸುದ್ದಿಯನ್ನೇ ಎತ್ತುವುದಿಲ್ಲ. ‘ಟಿಡಿಎಸ್ 400 ಇದೆ, ಆದ್ದರಿಂದ ನೀರು ಕುಡಿಯಲು ಯೋಗ್ಯ’ ಎಂಬ ಸಾಲು ಒಂದಿದ್ದರೂ ವರದಿ ಅಪಾಯಕಾರಿ. ಪಿಎಚ್ (ಆಮ್ಲ-ಕ್ಷಾರದ ಅಳತೆ) ಪೆನ್ನನ್ನು ಆಯಾ ದಿನ ಬೆಳಿಗ್ಗೆ, ಪಿಎಚ್ 4 ಮತ್ತು ಪಿಎಚ್ 7ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿ. ಕೆರೆನೀರು ಹಸಿರಾಗಿದ್ದರೆ ಮಧ್ಯಾಹ್ನ ಪಿಎಚ್ 9ರ ಹತ್ತಿರ ಹೋಗುವುದರಿಂದ 10ರ ಬಫರ್ ಕೂಡ ಇರಲಿ. ಹಿಂದಿನ 2 ದಿನದಲ್ಲಿ ಮಳೆ ಬಂದಿದ್ದರೆ ಬರೆದುಕೊಳ್ಳಿ.

ನೀರಿಗೆ ಇಳಿಯಬೇಡಿ. ಹೂಳು ಎಷ್ಟಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. ಕೈಕಾಲಿನಲ್ಲಿ ಗಾಯವಿದ್ದವರು ದಂಡೆಯ ಕೆಲಸ ಬಿಡಲಿ, ಕೊಳಚೆ ನೀರಿನಿಂದ ಇಲಿಜ್ವರ ಬರುತ್ತದೆ. ಯಾವಾಗಲೂ ಇಬ್ಬರು ಹೋಗಿ.

ಏರಿಯ ಮೇಲೆ ಯಾರು ಬರುತ್ತಾರೆ

ಇದಕ್ಕೆ ಪ್ರಶ್ನಾವಳಿ ಬೇಡ, ಕಣ್ಣು ಸಾಕು. ಉದ್ಯಾನಗಳನ್ನು ಗಮನಿಸಲು ‘ಸೋಪಾರ್ಕ್’ ಎಂಬ ಕ್ರಮವಿದೆ. ಪಥವನ್ನು 4-5 ತುಂಡು ಮಾಡಿ. ಪ್ರತಿ ತುಂಡನ್ನೂ ಎಡದಿಂದ ಬಲಕ್ಕೆ ಒಂದೇ ಸಲ ನೋಟ ಹಾಯಿಸಿ ಎಣಿಸಿ. ಹೆಣ್ಣೋ ಗಂಡೋ, ಮಗು, ಹದಿಹರೆಯ, ವಯಸ್ಕ, 60 ದಾಟಿದವರು, ಕೂತಿದ್ದಾರೋ, ನಡೆಯುತ್ತಿದ್ದಾರೋ, ಓಡುತ್ತಿದ್ದಾರೋ ಎಂದು ಗುರುತು ಹಾಕಿ. ಮೂಲ ಕ್ರಮದಲ್ಲಿ ವಾರದ 7 ದಿನವೂ ದಿನಕ್ಕೆ 4 ಬಾರಿ ಎಣಿಸುತ್ತಾರೆ. ನಿಮಗೆ ಎರಡು ಕೆಲಸದ ದಿನ, ಶನಿವಾರ, ಭಾನುವಾರ ಸಾಕು, ಆದರೆ 4 ಹೊತ್ತನ್ನು ಕಡಿತ ಮಾಡಬೇಡಿ. ಮೊದಲ ದಿನ ಇಬ್ಬರು ಒಟ್ಟಿಗೆ ನಿಂತು ಬೇರೆ ಬೇರೆ ಎಣಿಸಿ. 10ರಲ್ಲಿ 8 ಸಲವಾದರೂ ಲೆಕ್ಕ ಹೊಂದದಿದ್ದರೆ ಮತ್ತೆ ಅಭ್ಯಾಸ ಮಾಡಿ. ಮುಖ ಕಾಣುವ ಫೋಟೋ ಬೇಡ.

ಗೇಟಿನ ಬೋರ್ಡಿನ ಸಮಯವನ್ನು ದಿನಚರಿಗಳ ಜತೆ ಇಟ್ಟು ನೋಡಿ. ಮಧ್ಯಾಹ್ನ ಬೀಗ ಬೀಳುವ ಪಥವಾದರೆ, ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಿಡುವಾಗುವ ಪೌರಕಾರ್ಮಿಕರಿಗೂ ಮನೆಗೆಲಸದವರಿಗೂ ಅದು ತೆರೆದೇ ಇಲ್ಲ. ಸಂಜೆ 7ರ ಎಣಿಕೆಯಲ್ಲಿ ಹೆಂಗಸರ ಸಂಖ್ಯೆ ಕುಸಿದರೆ ನಿಮ್ಮ ಬೀದಿದೀಪದ ನಕ್ಷೆ ತೆರೆಯಿರಿ, ಯಾವ ತುಂಡಿನಲ್ಲಿ ಕುಸಿಯಿತು ಎಂದು ಹೊಂದಿಸಿ. ನಾಲ್ಕು ಪ್ರಶ್ನೆಗಳನ್ನು ಒಂದೇ ಕೆರೆಗೆ ಕಟ್ಟಿದ್ದರ ಫಲ ಸಿಗುವುದು ಇಲ್ಲಿಯೇ.

ಲೆಕ್ಕ ಹಾಕಿ, ಹಿಂದಿರುಗಿಸಿ

ಉತ್ತರಗಳನ್ನು ಮೊಬೈಲಿನಲ್ಲಿ ತುಂಬಲು ಕೋಬೋ ಟೂಲ್‌ಬಾಕ್ಸ್ ಎಂಬ ತಂತ್ರಾಂಶ ಒಳ್ಳೆಯದು, ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಪ್ರಶ್ನೆಗಳನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದನ್ನು ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಉತ್ತರ ಕೊಡದಿದ್ದರೆ 99 ಎಂದು ಹಾಕಿ, 0 ಹಾಕಬೇಡಿ. ಯೋಗಕ್ಷೇಮದ ಪ್ರಶ್ನೆಗಳಲ್ಲಿ 0 ಎಂಬುದೂ ಒಂದು ಉತ್ತರ. ಸರಾಸರಿ ತೆಗೆಯುವ ಮೊದಲು ಆ 99ಗಳನ್ನು ತೆಗೆದುಹಾಕಿ, ಇಲ್ಲದಿದ್ದರೆ ಓಣಿಯ ಅಂಕ 100 ದಾಟಬಹುದು.

78 ಮನೆಗಳ ಮಾದರಿಯಲ್ಲಿ ಒಂದು ಓಣಿಗೆ ಶೇ 40, ಇನ್ನೊಂದಕ್ಕೆ ಶೇ 46 ಬಂದರೆ ವ್ಯತ್ಯಾಸವಿದೆ ಎನ್ನುವಂತಿಲ್ಲ. 30ಕ್ಕಿಂತ ಕಡಿಮೆ ಜನರ ಗುಂಪಿಗೆ ಶೇಕಡಾ ಬಿಟ್ಟು ‘18ರಲ್ಲಿ 11 ಜನ’ ಎಂದು ಬರೆಯಿರಿ. ರಾಜಕಾಲುವೆ ಬದಿಯ ಓಣಿಯಲ್ಲಿ ಅಂಕ ಕಡಿಮೆ ಬಂತೆಂದು ಕಾಲುವೆಯೇ ಕಾರಣ ಎನ್ನಬೇಡಿ. ಬಾಡಿಗೆ ಅಗ್ಗವಿರುವ ಕಾರಣಕ್ಕೇ ಬಡವರು ಅಲ್ಲಿರುತ್ತಾರೆ. ಆದಾಯ ಹೆಚ್ಚುಕಮ್ಮಿ ಒಂದೇ ಇರುವ ಮನೆಗಳನ್ನು ಎರಡೂ ಕಡೆಯಿಂದ ತೆಗೆದು ಹೋಲಿಸಿ, ಆಮೇಲೂ ಅಂತರ ಉಳಿದರೆ ಆಗ ಮಾತಾಡಿ.

ವರದಿ ಕಾಲೇಜಿಗೆ ಸಲ್ಲಿಸುವ ಮೊದಲು ಒಂದು ಪುಟದ ಕನ್ನಡ ಸಾರಾಂಶವನ್ನು ಓಣಿಯಲ್ಲಿ, ಭಾನುವಾರ ಸಂಜೆ, ಜೋರಾಗಿ ಓದಿ. ‘ಇದು ತಪ್ಪು, ದೀಪ ಹಾಕಿ ವಾರ ಆಯ್ತು’ ಎಂದು ಯಾರಾದರೂ ತಿದ್ದುತ್ತಾರೆ, ತಿದ್ದಿಕೊಳ್ಳಿ. ಆ ಪುಟವನ್ನು ನಗರಸಭೆಯ ಆವಕ ವಿಭಾಗಕ್ಕೆ ಕೊಟ್ಟು ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಮನೆ ನಂಬರನ್ನು ಉತ್ತರಗಳಿಗೆ ಜೋಡಿಸುವ ಪಟ್ಟಿಯನ್ನು ಮೌಲ್ಯಮಾಪನ ಮುಗಿದ ದಿನವೇ ನಾಶಮಾಡಿ. ಖಾಲಿ ಪ್ರಶ್ನಾವಳಿ, ನೀರು ತೆಗೆದ ಜಾಗಗಳ ನಕ್ಷೆ, ಎಣಿಸಿದ ದಿನ ಮತ್ತು ಹೊತ್ತುಗಳ ಪಟ್ಟಿಯನ್ನು ವಿಭಾಗದ ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷದ ತಂಡ ಅದೇ ತಿಂಗಳಲ್ಲಿ, ಅದೇ ಜಾಗಗಳಲ್ಲಿ, ಅದೇ ಹೊತ್ತುಗಳಲ್ಲಿ ಮತ್ತೆ ಅಳೆಯಲು ಅಷ್ಟು ಬೇಕು.